‘ರಿಫ್ಲೆಕ್ಸಾಲಜಿ’ಗೆ ಕನ್ನಡದಲ್ಲಿ ಏನೆನ್ನೋಣ? ಅದರಿಂದ ಆಗುವುದು ‘ನಿವಾರಣೆ’ಯೋ ‘ಉಪಶಮನ’ವೋ?

ಮಾನ್ಯರೇ,

ಕೈಯ ಕೆಲವು ಜಾಗಗಳನ್ನು ಒತ್ತಿಕೊಂಡು ದಿನನಿತ್ಯದ ಮೈಕೈ ನೋವನ್ನು ಮನೆಯಲ್ಲೇ ಹಗುರಮಾಡಿಕೊಳ್ಳುವ ಬಗೆಯನ್ನು ಹೇಳುವ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮೈಕೈ ನೋವು’ ಎಂಬ ನುಡಿ ನಮ್ಮಲ್ಲಿ ಸಿದ್ಧವಾಗಿಯೇ ಇದ್ದುದರಿಂದ ಮೊದಲ ಸಾಲು ಸಲೀಸಾಗಿ ಬಂತು. ತೊಡಕು ಎದುರಾದದ್ದು ‘ರಿಫ್ಲೆಕ್ಸಾಲಜಿ’ ಎಂಬ ಆ ಪದ್ಧತಿಯ ಹೆಸರಿನಲ್ಲೇ.

ನನಗೆ ಮೊದಲು ಹೊಳೆದದ್ದು ‘ಪ್ರತಿಫಲನಶಾಸ್ತ್ರ’. ‘ರಿಫ್ಲೆಕ್ಸ್’ ಎಂಬುದರ ಮೂಲದಲ್ಲಿರುವ ಲ್ಯಾಟಿನ್ ಧಾತುವಿಗೆ ‘ಹಿಂದಕ್ಕೆ ಬಾಗಿಸು’ ಎಂಬ ಅರ್ಥವಿದೆ. ಆದರೆ ಕನ್ನಡದಲ್ಲಿ ಪ್ರತಿಫಲನವೆಂದರೆ ಕನ್ನಡಿಯೂ ಬೆಳಕೂ ನೆನಪಾಗುತ್ತವೆ, ‘ಪ್ರತಿಫಲ’ವೆಂದರೆ ಸಲ್ಲಬೇಕಾದ ಸಂಭಾವನೆ ನೆನಪಾಗುತ್ತದೆ. ಬಿಸಿ ತಾಗಿದೊಡನೆ ಕೈ ತಾನಾಗಿ ಹಿಂದೆ ಸರಿಯುವುದನ್ನು ಹೇಳುವ ‘ಪರಾವರ್ತಿತ ಕ್ರಿಯೆ’ಯೂ ಇಲ್ಲಿಗೆ ಒಗ್ಗದು. ಆ ಕ್ರಿಯೆ ಬೆನ್ನುಹುರಿಯ ಮೂಲಕ ನಡೆಯುತ್ತದೆ; ಬೆರಳ ತುದಿ ತಲೆಗೆ, ಹೆಬ್ಬೆರಳಿನ ಬದಿ ಬೆನ್ನೆಲುಬಿಗೆ ಸಂಬಂಧಿಸಿದವೆಂದು ರಿಫ್ಲೆಕ್ಸಾಲಜಿಯ ನಕ್ಷೆಗಳು ತೋರಿಸುವ ನಂಟಿಗೆ ಅಂಥ ನರಮಾರ್ಗವೇನೂ ಕಂಡುಬಂದಿಲ್ಲ. ಹೀಗಿರುವಾಗ ‘ಶಾಸ್ತ್ರ’, ‘ವಿಜ್ಞಾನ’ ಎಂಬ ಬಾಲವನ್ನು ಅಂಟಿಸುವುದೂ ನನಗೆ ಸರಿಯೆನಿಸುವುದಿಲ್ಲ. ‘ಪದ್ಧತಿ’ ಎಂದರೆ ಸಾಕು.

ಹೊತ್ತಗೆಯಲ್ಲಿ ಮತ್ತೆ ಮತ್ತೆ ಬರುವ ‘ಝೋನ್’ ಇನ್ನೂ ಸ್ವಾರಸ್ಯಕರವಾದ ಪದ. ಅಮೆರಿಕದ ಕಿವಿ, ಮೂಗು, ಗಂಟಲು ವೈದ್ಯರಾದ ವಿಲಿಯಂ ಫಿಟ್ಸ್‌ಜೆರಾಲ್ಡ್ ಅವರು ದೇಹವನ್ನು ನೆತ್ತಿಯಿಂದ ಪಾದದವರೆಗೆ ಉದ್ದುದ್ದವಾಗಿ ಹತ್ತು ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದೊಂದು ಬೆರಳನ್ನು ಹೊಂದಿಸಿದರು; ಎಡ್ವಿನ್ ಬವರ್ಸ್ ಅವರೊಡನೆ ಬರೆದ ಅವರ ಪುಸ್ತಕ 1917ರಲ್ಲಿ ಹೊರಬಂತು. 1930ರ ದಶಕದಲ್ಲಿ ಯೂನಿಸ್ ಇಂಗಮ್ ಅವರು ಇದನ್ನೇ ಪಾದದ ನಕ್ಷೆಯಾಗಿ ವಿಸ್ತರಿಸಿದರು. ಈ ‘ಝೋನ್’ ಅನ್ನು ಕಣ್ಣುಮುಚ್ಚಿ ‘ವಲಯ’ ಎಂದು ಅನುವಾದಿಸಿದ್ದ ನಾನು ಚಿತ್ರವನ್ನು ನೋಡಿದ ಮೇಲೆ ಅಳಿಸಬೇಕಾಯಿತು. ವಲಯವೆಂದರೆ ಬಳೆ, ಸುತ್ತು. ಚಿತ್ರದಲ್ಲಿರುವುದು ಮೇಲಿನಿಂದ ಕೆಳಕ್ಕೆ ಇಳಿಯುವ ಗೆರೆಗಳ ನಡುವಿನ ಜಾಗ. ಗ್ರೀಕ್ ಮೂಲದಲ್ಲಿಯೂ ‘ಝೋನ್’ ಎಂದರೆ ಸೊಂಟಪಟ್ಟಿಯೇ ಆದ್ದರಿಂದ ತಪ್ಪು ಇಂಗ್ಲಿಷಿನಲ್ಲೇ ಹುಟ್ಟಿದೆ ಎನ್ನಬಹುದು, ಆದರೆ ಅದನ್ನು ನಾವೂ ಹೊರಬೇಕೆಂದೇನಿಲ್ಲ. ಸದ್ಯಕ್ಕೆ ‘ಪಟ್ಟೆ’ ಎಂದು ಬರೆದಿದ್ದೇನೆ.

‘ಕೈಚಿಕಿತ್ಸೆ’ ಎಂಬ ಸಲಹೆಯೊಂದು ಬಂದಿದೆ. ಅದನ್ನು ಬಿಡಿಸಿ ನೋಡಿದರೆ ಕೈಯಿಂದ ಮಾಡುವ ಚಿಕಿತ್ಸೆ, ಕೈಗೆ ಮಾಡುವ ಚಿಕಿತ್ಸೆ ಎಂದು ಎರಡರ್ಥ ಹೊರಡುತ್ತವೆ. ಕತ್ತು ಹಿಡಿದುಕೊಂಡವರು ಕೈಯನ್ನು ಒತ್ತಿಕೊಳ್ಳುತ್ತಾರೆ ಎಂಬ ಮುಖ್ಯ ಸಂಗತಿ ಎರಡರಲ್ಲೂ ಇಲ್ಲ.

ಕ್ರಿಯಾಪದಗಳ ವಿಷಯದಲ್ಲಿ ನಮ್ಮ ಭಾಷೆ ಉದಾರಿ. ಇಂಗ್ಲಿಷಿನ ಒಂದೇ ‘ಪ್ರೆಸ್’ ಎಂಬುದಕ್ಕೆ ಒತ್ತು, ಅಮುಕು, ಅದುಮು ಎಂಬ ಮೂರಿವೆ; ಹಿಸುಕು, ತೀಡು, ಉಜ್ಜು, ನೀವು ಇವೂ ಬಳಿಯಲ್ಲೇ ನಿಂತಿವೆ. ಹೆಬ್ಬೆರಳನ್ನು ಊರಿ, ಸ್ವಲ್ಪ ಮಡಿಸಿ, ಮತ್ತೆ ಚಾಚಿ, ಹುಳು ತೆವಳುವಂತೆ ಮುಂದೆ ಸಾಗಿಸುವ ಚಲನೆಗೆ ಇವುಗಳಲ್ಲಿ ಯಾವುದೂ ಪೂರ್ತಿಯಾಗಿ ಹೊಂದದ ಕಾರಣ ‘ಒತ್ತುತ್ತಾ ಸಾಗಿ’ ಎಂದು ಎರಡು ಪದ ಬಳಸಿದೆ. ‘ನೀವು ಅಂಗೈಯನ್ನು ಮೆಲ್ಲಗೆ ನೀವಿ’ ಎಂಬ ವಾಕ್ಯವನ್ನು ಮಾತ್ರ ಓದಿ ನಾನೇ ನಕ್ಕು ಹೊಡೆದುಹಾಕಿದೆ.

ನನ್ನ ನಿಜವಾದ ಆತಂಕವಿರುವುದು ಫಲವನ್ನು ಹೇಳುವ ಪದದಲ್ಲಿ. ‘ನೋವು ನಿವಾರಣೆ’ ಎಂಬುದು ಕೈಗೆ ಸುಲಭವಾಗಿ ಸಿಗುವ ಜೋಡಿ, ಆದರೆ ನಿವಾರಣೆಯೆಂದರೆ ಇಲ್ಲದಂತೆ ಮಾಡುವುದು, ಉಪಶಮನವೆಂದರೆ ತಗ್ಗಿಸುವುದು. ಈ ಪದ್ಧತಿ ಯಾವುದೇ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಮೈಮನಸ್ಸು ಸಡಿಲಗೊಂಡು ಹಾಯೆನಿಸಬಹುದು, ಅಷ್ಟೆ. ಆದ್ದರಿಂದ ‘ನಿವಾರಣೆ’, ‘ವಾಸಿ’, ‘ಗುಣ’ ಮೂರನ್ನೂ ತೆಗೆದು ‘ಉಪಶಮನ’ ಎಂದಿಟ್ಟಿದ್ದೇನೆ. ಬಿಡದೆ ಕಾಡುವ ನೋವನ್ನು ವೈದ್ಯರಿಗೆ ತೋರಿಸದೆ ಕೈಯೊತ್ತಿಕೊಂಡು ಕೂರುವವರಿಗೆ ನನ್ನ ಅನುವಾದ ನೆಪವಾಗಬಾರದು.

ಹೆಸರಿಗೆ ಸದ್ಯ ‘ಅಂಗೈಯೊತ್ತು ಪದ್ಧತಿ’ ಎಂದು ಯೋಚಿಸಿದ್ದೇನೆ, ಆದರೆ ಅದರಲ್ಲೊಂದು ಕೊರತೆಯಿದೆ. ಅಂಶಿಸಮಾಸದ ಪಾಠದಲ್ಲಿ ಕಲಿತಂತೆ ಕೈಯ ಅಡಿ ಅಂಗೈ. ನಕ್ಷೆಯಾದರೋ ಕೈಯ ಬೆನ್ನನ್ನೂ ಒಳಗೊಂಡಿದೆ. ಆ ಭಾಗವನ್ನು ಕೆಲವರು ಮುಂಗೈ ಎನ್ನುತ್ತಾರೆ, ಮತ್ತೆ ಕೆಲವರಿಗೆ ಮುಂಗೈಯೆಂದರೆ ಮಣಿಕಟ್ಟಿನಿಂದ ಮೊಣಕೈವರೆಗಿನ ಭಾಗ. ಅಂಗೈಗೆ ಎದುರಾದ, ಗೆಣ್ಣುಗಳಿರುವ ಆ ಮಗ್ಗುಲಿಗೆ ನಿಮ್ಮ ಮಾತಿನಲ್ಲಿ ಏನೆನ್ನುತ್ತೀರಿ? ಎರಡೂ ಮಗ್ಗುಲನ್ನು ಒಟ್ಟಿಗೆ ಸೂಚಿಸಿ, ತೋಳನ್ನು ಹೊರಗಿಡುವ ಒಂದೇ ಪದ ಯಾರಿಗಾದರೂ ಗೊತ್ತಿದ್ದರೆ, ಅದನ್ನು ಬಳಸುವ ವಾಕ್ಯದೊಂದಿಗೆ ತಿಳಿಸಬೇಕಾಗಿ ವಿನಂತಿ.