ಹವಳ 'ಬಿಳಿಚಿಕೊಂಡಿತು' ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಲಕ್ಷದ್ವೀಪದ ಹವಳದ ದಿಬ್ಬಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ 'ಕೋರಲ್ ಬ್ಲೀಚಿಂಗ್' ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಮೊದಲು 'ಹವಳದ ಬ್ಲೀಚಿಂಗ್' ಎಂದೇ ಬರೆದಿದ್ದೆ. ಅದನ್ನು ಓದಿದ ಅಕ್ಕನ ಮಗಳು ಕೇಳಿದಳು: "ಚಿಕ್ಕಮ್ಮಾ, ಸಮುದ್ರಕ್ಕೆ ಪೌಡರ್ ಹಾಕಿದ್ದು ಯಾರು?" ಅವಳದು ತಪ್ಪಲ್ಲ. ಬ್ಲೀಚಿಂಗ್ ಅಂದರೆ ನಮಗೆ ನೆನಪಾಗುವುದು ಚರಂಡಿಗೆ ಚೆಲ್ಲುವ, ಬಾವಿಗೆ ಹಾಕುವ ಪುಡಿಯೇ. 'ಶ್ವೇತೀಕರಣ' ಎಂದರೂ ಅದೇ ತೊಂದರೆ. ಯಾರೋ ಹೊರಗಿನವರು ಬಂದು ಬಿಳಿ ಬಳಿದ ಹಾಗೆ ಕೇಳಿಸುತ್ತದೆ.

ನಿಜವಾಗಿ ಆಗುವುದು ಬೇರೆ. ಹವಳ ಒಂದು ಪ್ರಾಣಿ. ಪುಟ್ಟ ಪುಟ್ಟ ಜೀವಿಗಳು ಒತ್ತೊತ್ತಾಗಿ ಕೂತು ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಅದು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಹವಳಕ್ಕೆ ಊಟದ ದೊಡ್ಡ ಪಾಲು ಸಿಗುವುದು ಅದರಿಂದಲೇ. ಬಣ್ಣವೂ ಬಹುಮಟ್ಟಿಗೆ ಅದರದ್ದೇ. ಕಡಲಿನ ನೀರು ಬೇಸಿಗೆಯ ಎಂದಿನ ಗರಿಷ್ಠ ಬಿಸಿಗಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಮೇಲೇರಿ, ಕೆಲವು ವಾರ ಹಾಗೇ ನಿಂತರೆ ಸಾಕು. ಹವಳ ಆ ಪಾಚಿಯನ್ನು ಹೊರಹಾಕಿಬಿಡುತ್ತದೆ. ಆಗ ಗಾಜಿನಂಥ ಮೈಯೊಳಗಿಂದ ಬಿಳಿ ಗೂಡು ಕಾಣತೊಡಗುತ್ತದೆ. ಇಷ್ಟಾದರೂ ಹವಳ ಸತ್ತಿಲ್ಲ, ಹಸಿದಿದೆ ಅಷ್ಟೇ. ನೀರು ಬೇಗ ತಣ್ಣಗಾದರೆ ಪಾಚಿ ಮತ್ತೆ ಸೇರಿಕೊಳ್ಳುತ್ತದೆ. ಆಗದಿದ್ದರೆ ಹವಳ ಉಪವಾಸ ಬಿದ್ದು ಸಾಯುತ್ತದೆ.

ಅದಕ್ಕೇ ನನಗೆ 'ಬಿಳಿಚಿಕೊಳ್ಳು' ಎಂಬ ಮಾತು ಹೊಳೆಯಿತು. ಜ್ವರದಿಂದ ಎದ್ದ ಮಗುವಿನ ಮುಖ ನೋಡಿ 'ಯಾಕಮ್ಮಾ, ಇಷ್ಟು ಬಿಳಿಚಿಕೊಂಡಿದ್ದೀಯ' ಅನ್ನುತ್ತೇವೆ ಅಲ್ವಾ? ಸುಣ್ಣ ಬಳಿದ ಗೋಡೆಗೆ ಯಾರೂ ಹಾಗನ್ನುವುದಿಲ್ಲ. ಜೀವ ಇರುವುದು ಮಾತ್ರ ಬಿಳಿಚಿಕೊಳ್ಳುತ್ತದೆ. ಸೊರಗಿದೆ, ಆರೈಕೆ ಬೇಕು, ಇನ್ನೂ ಚೇತರಿಸಿಕೊಳ್ಳಬಹುದು ಅನ್ನುವುದೆಲ್ಲ ಆ ಒಂದು ಮಾತಿನಲ್ಲಿದೆ. ಆ 'ಕೊಳ್ಳು' ಕೂಡ ಚೆನ್ನಾಗಿ ಹೊಂದುತ್ತದೆ. ಪಾಚಿಯನ್ನು ಹೊರಹಾಕುವುದು ಹವಳವೇ ತಾನೇ.

'ಹವಳ ನಾಶ' ಎಂದು ಬರೆದರೆ, ಸೊರಗಿದ್ದರೂ ಹವಳ ಇನ್ನೂ ಬದುಕಿರುವ ಆ ಕೆಲವು ವಾರಗಳು ಮರೆಯಾಗಿಬಿಡುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತು. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್, ಉಪಗ್ರಹಗಳಿಂದ ಕಡಲ ಮೇಲ್ಮೈಯ ಬಿಸಿ ನೋಡಿ ಮುನ್ನೆಚ್ಚರಿಕೆ ಕೊಡುತ್ತದೆ. ನೀರಿನ ಬಿಸಿಯನ್ನು ಯಾರೂ ಕೆಲವು ವಾರದಲ್ಲಿ ಇಳಿಸಲಾರರು. ಆದರೆ ಸೊರಗಿದ ದಿಬ್ಬದ ಮೇಲೆ ಲಂಗರು ಬೀಳದಂತೆ, ಕೊಳಚೆ, ಹೂಳು ಬಂದು ಕೂರದಂತೆ ನೋಡಿಕೊಳ್ಳಬಹುದು. ಬಂಡೆಯ ಮೇಲೆ ಬೆಳೆದು ಹವಳದ ಜಾಗ ಕಸಿಯುವ ಬೇರೆ ಪಾಚಿಯನ್ನು ಮೇಯುವ ಮೀನುಗಳನ್ನು ಹಿಡಿಯದೆ ಬಿಡಬಹುದು. ಲಕ್ಷದ್ವೀಪದವರು ಹೆಚ್ಚಾಗಿ ದಿಬ್ಬದಾಚೆಯ ತೆರೆದ ಕಡಲಿನಲ್ಲಿ ಗಾಳದಿಂದ ಒಂದೊಂದಾಗಿ ಟ್ಯೂನಾ ಹಿಡಿಯುವವರು. ದಿಬ್ಬದ ಮೀನುಗಳಿಗೆ ಇದರಿಂದ ಎಷ್ಟೋ ರಕ್ಷಣೆ ಸಿಕ್ಕಿದೆ.

ಈಗ ನನ್ನ ಕಷ್ಟ ನಾಮಪದದ್ದು. 'ಬಿಳಿಚಿಕೊಳ್ಳುವಿಕೆ' ತುಂಬಾ ಉದ್ದ. 'ಬಿಳಿಚುವಿಕೆ' ಪರವಾಗಿಲ್ಲ, ಆದರೂ ಆ 'ವಿಕೆ' ಸರ್ಕಾರಿ ಸುತ್ತೋಲೆಯ ಹಾಗಿದೆ. ನಾಚು, ನಾಚಿಕೆ, ಹೆದರು, ಹೆದರಿಕೆ, ಹಾಗೇ ಬಿಳಿಚು, ಬಿಳಿಚಿಕೆ ಅನ್ನಬಹುದೇ? ನನ್ನ ಕಿವಿಗೆ ಹಿತವಾಗಿದೆ. ಎಲ್ಲಾದರೂ ಕೇಳಿದ್ದೀರಾ? 'ಬಿಳುಚು' ಎಂದು ಬರೆಯುವವರೂ ಇದ್ದಾರೆ. ನಿಮ್ಮ ಊರಿನಲ್ಲಿ ಯಾವುದು?

ಇದರ ಜೊತೆಗೇ ಇನ್ನೊಂದು. ಭೂಮಿಯ ಮೇಲಿನ 'ಹೀಟ್ ವೇವ್'ಗೆ ಪತ್ರಿಕೆಗಳು 'ಬಿಸಿಗಾಳಿ' ಎಂದು ಬರೆಯುತ್ತವೆ. ಕಡಲಿಗೂ ಅದನ್ನೇ ಅಂಟಿಸಿ 'ಸಾಗರ ಬಿಸಿಗಾಳಿ' ಎಂದರೆ ತಪ್ಪಾಗುತ್ತದೆ. ಅಲ್ಲಿ ಬಿಸಿಯಾಗುವುದು ನೀರು. ಎಷ್ಟೋ ಸಲ ಗಾಳಿ ಕಡಿಮೆಯಾದಾಗಲೇ ನೀರು ಜಾಸ್ತಿ ಕಾಯುತ್ತದೆ. ನಾನು 'ಕಡಲ ಬೇಗೆ' ಎಂದು ಬರೆದಿದ್ದೇನೆ. 'ಕಡಲ ಕಾವು' ಅನ್ನೋಣವೆಂದರೆ ಕೋಳಿ ಕಾವಿಗೆ ಕೂರುವುದು ನೆನಪಾಗುತ್ತದೆ. ಕಾವು ಹಿತವಾದದ್ದು, ಬೇಗೆ ಸುಡುವಂಥದ್ದು.

'ವನ್ಯಜೀವಿ' ಪದವೂ ಮಕ್ಕಳಿಗೆ ಗೊಂದಲ ಮಾಡೀತು ಅನಿಸುತ್ತಿದೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಪಟ್ಟಿಗೆ, ಸೇರಿಸಿದರು. ಹುಲಿಯೂ ಅದರಲ್ಲೇ ಇದೆ. ಆದರೆ ವನ ಅಂದರೆ ಕಾಡು. ನೀರಿನಡಿಯ ಪ್ರಾಣಿಯನ್ನು ವನ್ಯ ಅಂದರೆ ಮಕ್ಕಳು ಒಪ್ಪುತ್ತಾರಾ? 'ಕಾಡು ಮತ್ತು ಕಡಲ ಜೀವಿಗಳು' ಎಂದು ಬಿಡಿಸಿ ಬರೆಯುವ ಯೋಚನೆಯಿದೆ.

ಕೊನೆಯದು ಕರಾವಳಿಯವರಿಗೆ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅಲ್ಲಿಗೆ ದೋಣಿ ಒಯ್ಯುವವರು ನೀರಿನಡಿಯ ಆ ಹವಳದ ಬಂಡೆಗಳನ್ನು ಏನೆಂದು ಕರೆಯುತ್ತಾರೆ? 'ಹವಳ' ಅಂದರೆ ಉಳಿದವರಿಗೆಲ್ಲ ಸರದ ಕೆಂಪು ಮಣಿಯೇ ಕಣ್ಣಿಗೆ ಬರುತ್ತದೆ. ಅದು ಬೇರೆ ಜಾತಿಯ ಹವಳ, ಅದರ ಮೈಯಲ್ಲಿ ಈ ಪಾಚಿ ಇರುವುದಿಲ್ಲ. ಕಡಲಿನವರ ಬಾಯಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಬಳಸುವ ಆಸೆ. ಮೀನಿಗೆ ಹೋಗುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ತಿಳಿಸಿ.