ಮಡಿಸಿದ ಚೀಟಿ ಆಟ: ಕೊನೇ ಪದ ‘ದರು’ ಅಂತಲೇ ಮುಗೀಬೇಕು

ಅತ್ತಿಗೆ, ನಿಮ್ಮ ಮೆಸೇಜ್ ಈಗ ಕೇಳಿಸ್ಕೊಂಡೆ. ಭಾನುವಾರ 11 ಜನ, ಮೊಬೈಲ್ ಬೇಡ, ಕಾಗದದಲ್ಲೇ ಆಡೋ ಆಟ ಬೇಕು, ಅಷ್ಟೇ ತಾನೆ? ಮಡಿಸಿದ ಚೀಟಿ ಆಟ ಆಡಿಸಿ: ಒಬ್ಬೊಬ್ಬರು ಒಂದೊಂದು ಪದ ಬರೆದು, ಕಾಣದ ಹಾಗೆ ಮಡಿಸಿ ಮುಂದಿನವರಿಗೆ ಕೊಡೋದು, ಕೊನೇಲಿ ಬಿಚ್ಚಿ ಓದಿದ್ರೆ ಒಂದು ವಾಕ್ಯ. 1925ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆತಾನ್, ಈವ್ ತಾಂಗಿ, ಝಾಕ್ ಪ್ರೆವೇರ್ ಅನ್ನೋ ಕವಿ, ಚಿತ್ರಕಾರರೆಲ್ಲ ಸೇರಿ ಆಡ್ತಿದ್ದದ್ದು. ಹಾಗೆ ಹುಟ್ಟಿದ ಒಂದು ವಾಕ್ಯ ‘ಸೊಗಸಾದ ಹೆಣ ಹೊಸ ವೈನ್ ಕುಡಿಯಲಿದೆ’. ಆಟಕ್ಕೆ ‘ಸೊಗಸಾದ ಹೆಣ’ ಅಂತಲೇ ಹೆಸರು ಬಿತ್ತು. ಹಬ್ಬದ ಮನೇಲಿ ಆ ಹೆಸರು ಹೇಳ್ಬೇಡಿ, ಅಜ್ಜಿ ಎದ್ದು ಹೋಗ್ತಾರೆ.

ಫ್ರೆಂಚ್ ನಿಯಮ ಹಾಗೇ ತಂದ್ರೆ ಕನ್ನಡದಲ್ಲಿ ಕೆಡುತ್ತೆ. ಅವರ ಕ್ರಿಯಾಪದ ನಡುವೆ ಬರುತ್ತೆ, ನಮ್ಮದು ಕೊನೇಲಿ. ಅದೂ ಕರ್ತೃಪದದ ಲಿಂಗ, ವಚನ ನೋಡ್ಕೊಂಡೇ ಬರ್ಬೇಕು. ಒಬ್ಬರು ‘ಮಾವ’ ಅಂತ ಬರೆದು, ಕಾಣದೇ ಇರೋ ಇನ್ನೊಬ್ಬರು ‘ಕುಣಿಸಿದಳು’ ಅಂದ್ರೆ ಒಂದ್ಸಲ ನಗು, ಆಮೇಲೆ ಬರೀ ತಪ್ಪು. ಅದಕ್ಕೇ ಪದದ ಬಾಲ ಮೊದಲೇ ಕಟ್ಟಿಡಿ.

ಎ4 ಹಾಳೆ 6 ತಗೊಂಡು ಉದ್ದಕ್ಕೆ ಸೀಳಿ, 12 ಪಟ್ಟಿ ಆಗುತ್ತೆ. ಪ್ರತಿ ಪಟ್ಟಿಗೆ 5 ಸೆಂಟಿಮೀಟರ್‌ಗೊಂದು ಗೆರೆ, 6 ಮನೆ. ಎಡಗಡೆ ಅಂಚಲ್ಲಿ ಚಿಕ್ಕದಾಗಿ ಬರೆದಿಡಿ: 1 ಎಂಥ, 2 ಯಾರು (-ರು), 3 ಎಲ್ಲಿ (-ಅಲ್ಲಿ), 4 ಎಂಥ, 5 ಏನನ್ನು (-ಅನ್ನು), 6 ಏನು ಮಾಡಿದರು (-ದರು). ಇದನ್ನ ಬರೀದಿದ್ರೆ ಮೂರನೇ ಸುತ್ತಿಗೆ ‘ಈಗ ಯಾವ ಮನೆ?’ ಅಂತ ಗದ್ದಲ ಶುರು. ಎರಡನೇ ಮನೇಲಿ ಎಮ್ಮೆ ಬೇಕು ಅನ್ನಿಸಿದ್ರೆ ‘ಎಮ್ಮೆಯವರು’ ಅಂತ ಬರೀಲಿ, ಇನ್ನೂ ಚೆಂದ. ಆರನೇದು ಸಕರ್ಮಕ ಕ್ರಿಯಾಪದವೇ ಆಗ್ಬೇಕು. ‘ಹಪ್ಪಳವನ್ನು ಮಲಗಿದರು’ ಕೂಡಲ್ಲ, ‘ಮಲಗಿಸಿದರು’ ಕೂಡುತ್ತೆ.

ಆರು ಜನ, ಆರು ಪಟ್ಟಿ. ಎಲ್ಲರೂ ಒಟ್ಟಿಗೆ ಬರೆದು, ಬರೆದದ್ದನ್ನ ಹಿಂದಕ್ಕೆ ಮಡಿಸಿ ಬಲಕ್ಕೆ ಕೊಡೋದು. ಮುಂದಕ್ಕೆ ಮಡಿಸಿದ್ರೆ ಮುಂದಿನ ಮನೆಯೇ ಮುಚ್ಚಿ ಹೋಗುತ್ತೆ. ಮನೆಗೆ ಒಂದು ನಿಮಿಷ ಸಾಕು, ಜಾಸ್ತಿ ಕೊಟ್ರೆ ಜನ ಜಾಣತನ ತೋರ್ಸೋಕೆ ಹೋಗ್ತಾರೆ. ಉಳಿದ ಐದು ಜನದ ಗುಂಪಿಗೆ ನಾಲ್ಕನೇ ಮನೆ ಹೊಡೆದುಹಾಕಿ. ಸ್ಕೆಚ್ ಪೆನ್ ಬೇಡ, ಹಿಂದಕ್ಕೆ ಇಳಿಯುತ್ತೆ. ಓದೋದು ಒಬ್ಬರೇ, ವಾರ್ತೆ ಓದೋ ದನೀಲಿ: ‘ಮುಂಗೋಪಿ ಪುರೋಹಿತರು ಬಚ್ಚಲಿನಲ್ಲಿ ಒದ್ದೆ ಹಪ್ಪಳವನ್ನು ಸನ್ಮಾನಿಸಿದರು.’ ಓದೋರೇ ನಕ್ಕುಬಿಟ್ರೆ ಸತ್ತುಹೋಯ್ತು.

ಅಮೆರಿಕದ ಮಕ್ಕಳಿಗೆ ಕನ್ನಡ ಬರೆಯೋಕೆ ಬರಲ್ಲ ಅಂದ್ರಲ್ಲ, ಅವರಿಗೆ ಚಿತ್ರದ್ದು. ಇಡೀ ಎ4 ಹಾಳೆ, ಮಡಿಸಿ ನಾಲ್ಕು ಭಾಗ: ತಲೆ, ಹೊಟ್ಟೆ, ತೊಡೆ, ಪಾದ. ಕುತ್ತಿಗೆಯ ಎರಡು ಗೆರೆ ಮಡಿಕೆ ದಾಟಿ 3 ಮಿಲಿಮೀಟರ್ ಇಳಿದಿರ್ಬೇಕು, ಮುಂದಿನವರಿಗೆ ಕಾಣೋದು ಅಷ್ಟೇ. ಮರೆತ್ರೆ ತಲೆ ಒಂದು ಕಡೆ, ಮೈ ಇನ್ನೊಂದು ಕಡೆ. ಪೆನ್ಸಿಲ್‌ಗಳನ್ನ ಮೊದಲೇ ಕೆತ್ತಿಡಿ ಅತ್ತಿಗೆ, ಶಾರ್ಪನರ್ ಹುಡುಕೋಕೆ ಎದ್ದವರು ಪಕ್ಕದವರ ಹಾಳೆ ನೋಡೇ ನೋಡ್ತಾರೆ.