ಅಡ್ವಾನ್ಸ್ ವಾಪಸ್: ಕೀ ಮೊದಲೋ, ದುಡ್ಡು ಮೊದಲೋ?

ಪ್ರಶ್ನೆ (ನಾಗರಭಾವಿ): ಎರಡು ಬೆಡ್‌ರೂಮ್ ಮನೆ, ಬಾಡಿಗೆ 18,000, ಅಡ್ವಾನ್ಸ್ 1,50,000. 11 ತಿಂಗಳ ಅಗ್ರಿಮೆಂಟ್ ಮುಗಿದು ಎರಡು ವರ್ಷ ಆಯ್ತು, ರಿನ್ಯೂ ಆಗಿಲ್ಲ. ಈಗ ಖಾಲಿ ಮಾಡ್ತಿದ್ದೀವಿ. ಓನರ್ ಪೇಂಟಿಂಗ್‌ಗೆ 18,000, ರಿಪೇರಿಗೆ 22,000 ಹಿಡೀತಾರಂತೆ. ಮಿಕ್ಕಿದ್ದು ಹೊಸಬರು ಬಂದ ಮೇಲಂತೆ. ಗೊತ್ತಿರುವವರು ಹೇಳಿ.

ವಿಜಯನಗರದ ಬಾಡಿಗೆದಾರ: ದುಡ್ಡು ಅಕೌಂಟಿಗೆ ಬೀಳದೆ ಕೀ ಕೈಬಿಡಬೇಡಿ. ಖಾಲಿ ಮಾಡುವ ತಾರೀಕು ಬರೆದು ವಾಟ್ಸಾಪ್, ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ಸಾಮಾನು ಸಾಗಿಸಿದ ಮೇಲೆ ಬಾಗಿಲಿಂದ ಯುಟಿಲಿಟಿವರೆಗೆ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ: ನಲ್ಲಿ ತಿರುಗಿಸಿ, ಸ್ವಿಚ್ ಹಾಕಿ, ಫ್ಲಶ್ ಎಳೆದು, ಕೊನೆಗೆ ಬೆಸ್ಕಾಂ ಮೀಟರ್ ರೀಡಿಂಗ್. ತುಂಡು ತುಂಡು ವಿಡಿಯೋ ಆದರೆ ನಡುವೆ ಏನೋ ಮುಚ್ಚಿಟ್ಟಿರಿ ಅಂತಾರೆ. ಗೃಹಜ್ಯೋತಿಗೆ ನಿಮ್ಮ ಆಧಾರ್ ಕೊಟ್ಟಿದ್ದರೆ ಡಿ-ಲಿಂಕ್ ಮಾಡಿಸಿ.

1999ರ ಬಾಡಿಗೆ ಕಾಯ್ದೆ ಹಿಡಿದು ಓಡಬೇಡಿ, ಬೆಂಗಳೂರಲ್ಲಿ ತಿಂಗಳಿಗೆ 3,500 ದಾಟಿದ ಮನೆಗೆ ಅದು ಅನ್ವಯಿಸಲ್ಲ. ಎರಡೇ ತಿಂಗಳ ಅಡ್ವಾನ್ಸ್ ಅನ್ನೋದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ, ರಾಜ್ಯ ತಾನೇ ಕಾಯ್ದೆ ಮಾಡದೆ ಇಲ್ಲಿ ನಡೆಯಲ್ಲ. ನಿಮಗಿರೋದು ಆಸ್ತಿ ವರ್ಗಾವಣೆ ಕಾಯ್ದೆ. ಅದರ 108(ಎಂ) ಪ್ರಕಾರ ಸಹಜ ಸವೆತ ಬಾಡಿಗೆದಾರನ ತಲೆಗೆ ಬರಲ್ಲ. 22,000ಕ್ಕೆ ರೂಮುವಾರು ಬಿಲ್ ಕೇಳಿ.

ಬಸವೇಶ್ವರನಗರದ ಮನೆ ಮಾಲೀಕ: ಇಂಥ ಬುದ್ಧಿ ಹೇಳಿಕೊಟ್ಟೇ ಜನ ಕೆಡ್ತಿರೋದು. ಕೀ ನಿಮ್ಮ ಹತ್ತಿರ ಇದ್ದಷ್ಟು ದಿನ ಮನೆ ನಿಮ್ಮ ಸ್ವಾಧೀನದಲ್ಲೇ. 18,000 ಅಂದ್ರೆ ದಿನಕ್ಕೆ 600, ಅಡ್ವಾನ್ಸಲ್ಲೇ ಕಳೀತದೆ. ಅಗ್ರಿಮೆಂಟ್ ಮುಗಿದರೆ ಷರತ್ತೂ ಮುಗೀತಾ? ಅದೇ ಕಾಯ್ದೆಯ 116 ಓದಿ. ಬಾಡಿಗೆ ಕೊಟ್ಟು ತಗೊಂಡು ಮುಂದುವರಿದರೆ ತಿಂಗಳ ಲೆಕ್ಕದ ಬಾಡಿಗೆ, ಪೇಂಟಿಂಗ್ ಷರತ್ತು ಹಾಗೇ ಇರುತ್ತೆ.

ಡಬಲ್ ಸೈಡ್ ಟೇಪ್ ಕಿತ್ತರೆ ಪುಟ್ಟಿ ಸಮೇತ ಬರುತ್ತೆ. ಕೆರೆದು, ಪುಟ್ಟಿ ಹಚ್ಚಿ, ಒಣಗಿಸಿ, ಉಜ್ಜಿ, ಪ್ರೈಮರ್ ಹೊಡೆದು, ಎರಡು ಕೋಟ್ ಬಣ್ಣ. ಅಷ್ಟಕ್ಕೇ ತೇಪೆ ಹಾಕಿದರೆ ಹಳೇ ಬಣ್ಣಕ್ಕೆ ಮ್ಯಾಚ್ ಆಗಲ್ಲ, ಇಡೀ ಗೋಡೆ ಹೊಡೀಬೇಕು. ಬಾತ್‌ರೂಮ್ ಟೈಲ್ಸ್‌ಗೆ ಡ್ರಿಲ್ ಹಾಕಿ ಒಂದು ಬಿರುಕು ಬಿಟ್ಟರೆ ಆ ಡಿಸೈನ್ ಅಂಗಡೀಲಿ ಸಿಗಲ್ಲ. ಇದೂ ಸಹಜ ಸವೆತವಾ?

ವಿಜಯನಗರದ ಬಾಡಿಗೆದಾರ: ಡ್ರಿಲ್ ಬೇರೆ, ಬಣ್ಣ ಬೇರೆ, ಕಲಸಬೇಡಿ ಸಾರ್. ಷರತ್ತು ಬರೆದಿದ್ದರೆ ಪೇಂಟಿಂಗ್ ಹಿಡೀರಿ. "ಹೊಸಬರು ಬಂದ ಮೇಲೆ" ಅಂತ ಯಾವ ಅಗ್ರಿಮೆಂಟಲ್ಲಿದೆ? ಅಡ್ವಾನ್ಸ್ ನಿಮ್ಮ ಸಂಪಾದನೆ ಅಲ್ಲ!

ಲಗ್ಗೆರೆ: ಈ ಜಗಳವೇ ಬೇಡ, ಭೋಗ್ಯಕ್ಕೆ ಹೋಗಿ: ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಮೊತ್ತ ವಾಪಸ್. 15 ಲಕ್ಷಕ್ಕೆ ಶೇ 7 ಬಡ್ಡಿ ಹಾಕಿದರೂ ತಿಂಗಳಿಗೆ 8,750. ಬಾಡಿಗೆಯ ಅರ್ಧವೂ ಇಲ್ಲ.

ಕೆಂಗೇರಿ: ಬಡ್ಡಿ ಲೆಕ್ಕ ಹಾಕಿದಿರಿ, ಅಸಲಿನ ಲೆಕ್ಕ ಯಾರು ಹಾಕ್ತಾರೆ? ಮೂರು ವರ್ಷದ ಭೋಗ್ಯವನ್ನು ನೋಟರಿ ಮುಂದೆ ಬರೆಸ್ತಾರೆ. ಒಂದು ವರ್ಷ ದಾಟಿದ ಕರಾರು ಸಬ್ ರಿಜಿಸ್ಟ್ರಾರ್ ಕಚೇರೀಲಿ ನೋಂದಣಿ ಆಗದಿದ್ದರೆ ಆ ಮೂರು ವರ್ಷದ ಹಕ್ಕು ಕೋರ್ಟಲ್ಲಿ ನಿಲ್ಲಲ್ಲ. ಮನೆ ಮೊದಲೇ ಬ್ಯಾಂಕಲ್ಲಿ ಅಡವಿದ್ದು ಸಾಲ ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕ್ ಬಂದು ಸ್ವಾಧೀನ ಮಾಡ್ಕೊಳ್ಳುತ್ತೆ. ನಿಮ್ಮ 15 ಲಕ್ಷಕ್ಕೆ ಬ್ಯಾಂಕ್ ಜವಾಬ್ದಾರಿ ಅಲ್ಲ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಇಸಿ (ಆಸ್ತಿ ಮೇಲಿನ ನೋಂದಾಯಿತ ಋಣಗಳ ಪತ್ರ) ತೆಗೀರಿ, ಆದರೆ ಇಸಿ ಖಾಲಿ ಅಂತ ನಂಬಿಬಿಡಬೇಡಿ. ಪತ್ರ ಇಟ್ಟು ತಗೊಂಡ ಸಾಲ ನೋಂದಣಿ ಆಗದಿದ್ದರೆ ಅದರಲ್ಲಿ ಬರಲ್ಲ. ಒರಿಜಿನಲ್ ಕ್ರಯಪತ್ರ ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸಿದರೆ ಎದ್ದು ಬನ್ನಿ.

ಲಗ್ಗೆರೆ: ಎಲ್ಲ ಓನರ್‌ಗಳೂ ಸಾಲಗಾರರಲ್ಲ. ನೋಂದಣಿ ಮಾಡಿಸಿಕೊಂಡವರು ಆರಾಮಾಗಿದ್ದಾರೆ.

ಕೆಂಗೇರಿ: ನೋಂದಣಿಗೂ ಮೊದಲಿನ ಅಡಮಾನ ಇದ್ದರೆ? ಅದಕ್ಕೆ ಉತ್ತರ ಕೊಡಿ.

ವಿಜಯನಗರದ ಬಾಡಿಗೆದಾರ: ಭೋಗ್ಯದವರು ಬೇರೆ ಕಡೆ ಜಗಳ ಆಡಿ. ನಾಗರಭಾವಿಯವರೇ, ದಿನಕ್ಕೆ 600 ಅನ್ನೋ ಮಾತಿಗೆ ದಾರಿ ಇದೆ. "ಇಂಥ ದಿನ, ಇಷ್ಟು ಗಂಟೆಗೆ ಕೀ ಒಪ್ಪಿಸಲು ಸಿದ್ಧ, ಲೆಕ್ಕ ಮುಗಿಸಿ" ಅಂತ ಬರೆದು ಕಳಿಸಿ. ಬರದಿದ್ದರೆ ತಪ್ಪು ಅವರದು. ಬಂದರೆ ಅಲ್ಲೇ ಒಂದು ಹಾಳೆ: ಎಷ್ಟು ಕೀ, ಮೀಟರ್ ರೀಡಿಂಗ್, ಯಾವುದಕ್ಕೆ ಎಷ್ಟು ಕಳೆದರು, ಬಾಕಿ ಎಷ್ಟು, ಯಾವ ತಾರೀಕಿಗೆ. ಇಬ್ಬರದೂ ಸಹಿ. ತಾರೀಕು ದಾಟಿದರೆ ಲೀಗಲ್ ನೋಟಿಸ್. ದಾವೆ ಹೂಡೋಕೆ ಮೂರು ವರ್ಷ ಇದೆ ಅಂತ ಸುಮ್ಮನೆ ಕೂರಬೇಡಿ.

ಬಸವೇಶ್ವರನಗರದ ಮನೆ ಮಾಲೀಕ: ಆ ಹಾಳೇಲಿ ಕೊನೇ ಬೆಸ್ಕಾಂ, ನೀರಿನ ಬಿಲ್‌ಗೆ 2,000 ಹಿಡಿದಿದ್ದೀವಿ ಅಂತಲೂ ಬರೀರಿ. ಅವು ಬರೋದು ನೀವು ಹೋದ ಮುಂದಿನ ತಿಂಗಳು.